ಆ ಮನೆ ಕಾಯಿಲೆ

ದೊಡ್ಡಮಳೂರು
12-11-1986

ಅತ್ತಿಗೆಯವರಿಗೆ ಗಂಗಲಕ್ಷ್ಮಿಯ ನಮಸ್ಕಾರಗಳು.

ಎಲ್ಲರೂ ಕ್ಷೇಮ ಅಂತ ಮೊದಲ ಸಾಲು ಬರೆದು ಆ ಹಾಳೆ ಹರಿದು ಹಾಕಿದೆ. ಇದು ಎರಡನೆಯದು. ನಿಮ್ಮ ತಮ್ಮ ಚೆನ್ನಾಗಿಲ್ಲ.

ಏನಾಗಿದೆ ಅಂತ ಕೇಳಿದರೆ ಹೇಳೋಕೆ ಬರಲ್ಲ. ಜ್ವರವಿಲ್ಲ, ನೋವಿಲ್ಲ. ಕೂತಲ್ಲೇ ಹೆಗಲು ತಾನಾಗಿ ಎಗರುತ್ತೆ. ಬೆರಳುಗಳು ತೊಡೆ ಮೇಲೆ ಸುಮ್ಮನೆ ಆಡ್ತಾ ಇರ್ತವೆ. ಯಾಕೆ ಹೀಗೆ ಅಂದರೆ "ಹೆಂಗೆ?" ಅಂತ ನನ್ನನ್ನೇ ಕೇಳ್ತಾರೆ. ಅವರಿಗೆ ಗೊತ್ತೇ ಆಗ್ತಿಲ್ಲ. ನಡಿಗೆಯೂ ಒಂದು ಥರ ಆಗಿದೆ. ಗುಡಿ ಬೀದಿಯವರು ಕುಡಿದು ಬರ್ತಾರೆ ಅಂತ ಮಾತಾಡಿಕೊಳ್ತಾರೆ. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳೋ ಮನುಷ್ಯ ಅಂತ ನಿಮಗೆ ಗೊತ್ತು.

ಕೋಪ ಬೇರೆ. ದೀಪಾವಳಿ ಹಿಂದಿನ ದಿನ ಗೂಡು ಕಟ್ಟೋಕೆ ಹಣ್ಣಾದ ರೇಷ್ಮೆ ಹುಳ ಬಿಟ್ಟಿದ್ದ ಬಿದಿರಿನ ಚಂದ್ರಿಕೆಗೆ ಕಾಲು ತಾಗಿಸಿ ಬೀಳಿಸಿದರು. ಪಂಕಜ ಓಡಿ ಬಂದು ಹುಳ ಆರಿಸೋಕೆ ಕೂತಳು. "ನೀನೇ ಅಡ್ಡ ಇಟ್ಟಿದ್ದು" ಅಂತ ಅವಳ ಬೆನ್ನಿಗೆ ಗುದ್ದಿದರು. ಇಪ್ಪತ್ತು ವರ್ಷದಲ್ಲಿ ಮಗಳ ಮೇಲೆ ಕೈ ಮಾಡಿದವರಲ್ಲ. ಲೈನ್‌ಮನ್ ಕೆಲಸದಲ್ಲೂ ಈ ವರ್ಷ ಎರಡು ಸಲ ಏಣಿಯಿಂದ ಜಾರಿದ್ದಾರೆ.

ನೀವು ಒಂದು ಸಲ ಬಂದು ನೋಡಿದರೆ ನನಗೆ ಧೈರ್ಯ. ಬಂದಾಗ ಇನ್ನೊಂದು ಮಾತೂ ಆಡಬಹುದು. ಪಂಕಜ ತೊಟ್ಟಿಲಲ್ಲಿದ್ದಾಗಲೇ ನೀವು "ಇವಳು ನನ್ನ ಸೊಸೆ" ಅಂದಿದ್ದಿರಿ. ನಿಮ್ಮ ಮಗ ಚೆಲುವರಾಜುಗೆ ಮಾಗಡಿ ಸೊಸೈಟಿಯಲ್ಲಿ ಕೆಲಸ ಆಯ್ತು ಅಂತ ಕೇಳಿದೆ. ಇವರು ಗಟ್ಟಿಯಾಗಿರುವಾಗಲೇ ಧಾರೆ ಎರೆದುಬಿಟ್ಟರೆ ಸಾಕು ಅನ್ನಿಸಿದೆ.

ನಿಮ್ಮ
ಗಂಗಲಕ್ಷ್ಮಿ


ತಿಮ್ಮನಪಾಳ್ಯ, ಮಾಗಡಿ ತಾಲ್ಲೂಕು
2-12-1986

ಚಿ. ಸೌ. ಗಂಗಲಕ್ಷ್ಮಿಗೆ ದೊಡ್ಡಲಕ್ಷ್ಮಮ್ಮನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ನನ್ನ ಕಣ್ಣು ಮಂಜಾಗಿರುವುದರಿಂದ ಪಕ್ಕದ ಮನೆಯ ಬದ್ರುನ್ನೀಸಾ ಟೀಚರ್ ಅವರಿಂದ ಬರೆಸುತ್ತಿದ್ದೇನೆ.

ವೆಂಕಟನನ್ನು ಇನ್ನು ಕಂಬ ಹತ್ತಲು ಬಿಡಬೇಡ. ರಜೆ ಹಾಕಿಸು. ಒಂದು ದಿನವೂ ಬಿಡಬೇಡ. ಅವನು ನೀರು ಕುಡಿಯುವಾಗ, ಉಣ್ಣುವಾಗ ಯಾರೂ ಮಾತಾಡಿಸಬೇಡಿ. ಕೋಪ ಮಾಡಿದರೆ ಎದುರು ನಿಲ್ಲದೆ ಪಕ್ಕಕ್ಕೆ ಸರಿದುಬಿಡಿ.

ಮದುವೆಯ ವಿಷಯ ಕೈಬಿಡು. ಜಾತಕ ಕೂಡುವುದಿಲ್ಲ. ಬೇರೆ ಕಡೆ ನೋಡು. ಈಗ ಬರಲು ನನಗೆ ಆಗುವುದಿಲ್ಲ.

ಇಂತಿ,
ದೊಡ್ಡಲಕ್ಷ್ಮಮ್ಮ


ದೊಡ್ಡಮಳೂರು
20-1-1987

ಅತ್ತಿಗೆಯವರಿಗೆ,

ನಿಮ್ಮ ಕಾಗದ ಬಂದಾಗ ತಡವಾಗಿತ್ತು. ನವೆಂಬರ್ ಕೊನೆಯ ವಾರ ಸಿದ್ದಯ್ಯ ಅನ್ನೋ ಜೊತೆ ಕೆಲಸದವರು ಕಂಬದ ಮೇಲಿದ್ದರು. ಕೆಳಗೆ ಕರೆಂಟು ತೆಗೆದು ಕಾಯ್ತಾ ನಿಲ್ಲೋದು ಇವರ ಪಾಳಿ. ಮೇಲಿನವರು ಇಳಿಯೋಕೆ ಮುಂಚೆಯೇ ಇವರು ಲೈನ್ ಹಾಕಿಬಿಟ್ಟರು. ಸಿದ್ದಯ್ಯನವರ ಜೀವ ಉಳಿದಿದೆ. ಬಲಗೈ ಮೊಣಕೈವರೆಗೆ ಹೋಗಿದೆ.

ಯಾಕೆ ಹಾಕಿದೆ ಅಂತ ಸಾಹೇಬರು ಕೇಳಿದ್ದಕ್ಕೆ ಇವರು "ಕೈ ತಾನೇ ಹೋಯ್ತು" ಅಂದರಂತೆ. ಅಷ್ಟೇ. ಕುಡಿದು ಕೆಲಸಕ್ಕೆ ಬಂದಿದ್ದ ಅಂತ ಬರೆದು ಸಸ್ಪೆಂಡ್ ಮಾಡಿದ್ದಾರೆ. ನಾನು ಆಸ್ಪತ್ರೆಗೆ ಸಿದ್ದಯ್ಯನವರನ್ನು ನೋಡೋಕೆ ಹೋದೆ. ಅವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು. ನನ್ನ ಮುಖ ನೋಡಿ ಸೆರಗು ಎಳೆದುಕೊಂಡು ಆ ಕಡೆ ತಿರುಗಿದರು. ಬೈದಿದ್ದರೆ ವಾಸಿ ಇತ್ತು.

ಈ ತಿಂಗಳು ಬೆಂಗಳೂರಿಗೆ ನರದ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ನಾಲಿಗೆ ಹೊರಗೆ ಚಾಚಿ ಹಿಡಿ ಅಂದರು. ಇವರಿಗೆ ಹಿಡಿಯೋಕಾಗಲಿಲ್ಲ, ಚಾಚಿದ ನಾಲಿಗೆ ತಾನಾಗೇ ಒಳಗೆ ಹೋಗ್ತಿತ್ತು. ಡಾಕ್ಟರು, "ನಿಮ್ಮ ತಂದೆಗೆ ಹೀಗಿತ್ತಾ?" ಅಂತ ಕೇಳಿದರು. ತಂದೆ ಚಿಕ್ಕ ವಯಸ್ಸಿಗೇ ಕೆರೆಯಲ್ಲಿ ಮುಳುಗಿ ಹೋದರು ಅಂತ ಇವರು ಹೇಳಿದರು. ಮನೆಯಲ್ಲಿ ಹಿರಿಯರು ಯಾರಿಗಾದರೂ ಇತ್ತಾ ಅಂತ ಬರೆಸಿಕೊಂಡು ಬನ್ನಿ, ಅದು ಗೊತ್ತಾದರೆ ಕಾಯಿಲೆ ಇಂಥದ್ದು ಅಂತ ಖಂಡಿತ ಹೇಳಬಹುದು, ಆಫೀಸಿಗೂ ಕಾಗದ ಕೊಡ್ತೀನಿ ಅಂದರು.

ಮಾವನವರು ಹೇಗೆ ಹೋದರು ಅತ್ತಿಗೆ? ಆಗ ಅವರ ವಯಸ್ಸೆಷ್ಟು? ಇದ್ದದ್ದು ಇದ್ದ ಹಾಗೆ ಬರೆಸಿ ಕಳಿಸಿ.

ಇನ್ನೊಂದು ಕೇಳ್ತೀನಿ, ತಪ್ಪು ತಿಳಿಯಬೇಡಿ. ಸಂಕ್ರಾಂತಿ ದಿನ ಪಾಯಸ ಕುಡಿಯುವಾಗ ಇವರಿಗೆ ನೆತ್ತಿ ಹತ್ತಿ ಕಣ್ಣು ಮೇಲೆ ಮಾಡಿಬಿಟ್ಟರು. ಕುಡಿಯುವಾಗ ಮಾತಾಡಿಸಬೇಡಿ ಅಂತ ನೀವು ಒಂದೂವರೆ ತಿಂಗಳ ಮುಂಚೆಯೇ ಬರೆಸಿದ್ದಿರಿ. ನುಂಗೋದರ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?

ಚೆಲುವರಾಜುಗೆ ಜಾತಕ ಬರೆಸೇ ಇಲ್ಲ ಅಂತ ನೀವೇ ಒಂದು ಸಲ ಹೇಳಿದ್ದಿರಿ. ಕುಡುಕನ ಮಗಳು ಬೇಡ ಅನ್ನಿಸಿದ್ದರೆ ಹಾಗೇ ಹೇಳಬಹುದಿತ್ತು.

ಗಂಗಲಕ್ಷ್ಮಿ


ತಿಮ್ಮನಪಾಳ್ಯ
9-2-1987

ಚಿ. ಸೌ. ಗಂಗಲಕ್ಷ್ಮಿಗೆ ಆಶೀರ್ವಾದ.

ಅಪ್ಪ ಕೆರೆಯಲ್ಲಿ ಹೋದರು. ಆಗ ವೆಂಕಟನಿಗೆ ಆರು ವರ್ಷ. ಅದಕ್ಕೇ ಅವನನ್ನು ದೊಡ್ಡಮಳೂರಿನ ಸೋದರಮಾವನ ಮನೆಯಲ್ಲಿ ಬಿಟ್ಟೆವು. ಡಾಕ್ಟರಿಗೆ ಬರೆದುಕೊಡುವಂಥದ್ದು ಏನೂ ಇಲ್ಲ. ಹಳೆಯದನ್ನು ಕೆದಕಬೇಡ.

ಚೆಲುವರಾಜುವಿಗೆ ಕನಕಪುರದ ಕಡೆ ಹೆಣ್ಣು ಗೊತ್ತಾಗಿದೆ. ಹುಡುಗಿ ಮಾದೇವಿ, ಮುನಿಶಾಮಯ್ಯನವರ ಮಗಳು. ವೀಳ್ಯ ಬದಲಾಯಿಸಿ ಆಯಿತು. ಮೇ ತಿಂಗಳು ಹದಿನಾಲ್ಕಕ್ಕೆ ಮದುವೆ. ವೆಂಕಟನನ್ನು ಕರೆತರುವ ಕಷ್ಟ ತೆಗೆದುಕೊಳ್ಳಬೇಡ. ನಾಲ್ಕು ಜನರ ಮುಂದೆ ಅವನಿಗೂ ಸಂಕೋಚ.

ಇಂತಿ,
ದೊಡ್ಡಲಕ್ಷ್ಮಮ್ಮ


ದೊಡ್ಡಮಳೂರು
15-3-1987

ಅತ್ತಿಗೆ,

ಹೋದ ಭಾನುವಾರ ಇವರು ಜಗಲಿ ಮೇಲೆ ಕೂತಿದ್ದರು. ಅಪ್ರಮೇಯಸ್ವಾಮಿ ದರ್ಶನಕ್ಕೆ ಬಂದಿದ್ದ ಒಬ್ಬ ಮುದುಕರು ಬೀದಿಯಲ್ಲಿ ನಿಂತುಬಿಟ್ಟು ಇವರನ್ನೇ ನೋಡ್ತಿದ್ದರು. ನೀರು ಬೇಕಾ ತಾತ ಅಂತ ಕೇಳಿದೆ. "ಇವ್ನು ತಿಮ್ಮಯ್ಯನ ಮಗ ಅಲ್ವಾ?" ಅಂದರು. ಹೆಸರು ಕೆಂಚಯ್ಯ ಅಂತೆ, ಹಿಂದೆ ನಿಮ್ಮ ಹೊಲದ ಮನೆಯಲ್ಲಿ ದನ ಕಾಯ್ತಿದ್ದರಂತೆ.

ಬೀದಿಗಿಳಿದು, ನಮ್ಮ ಮಾವ ನಿಮಗೆ ಗೊತ್ತಿದ್ದರಾ ಅಂತ ಮೆಲ್ಲಗೆ ಕೇಳಿದೆ. ಅವರು ಅಂದದ್ದು ಹಾಗೇ ಬರೀತೀನಿ: "ಗೊತ್ತಿಲ್ದೆ ಏನವ್ವಾ. ಇಂಗೇ ಆಡೋರು. ಕೊಟ್ಟಿಗೇಲಿ ಮಡಗಿದ್ರಲ್ಲ, ಒಂದತ್ತು ವರ್ಸ. ಆ ದೊಡ್ಡ ಮಗಳೇ ಉಣ್ಣಿಸ್ತಿದ್ಲು."

ಸದ್ಯ ಇವರಿಗೆ ಕೇಳಿಸಲಿಲ್ಲ.

ಆರು ವರ್ಷದ ಹುಡುಗನಿಗೆ ಸತ್ತರು ಅಂತ ನೀವು ಹೇಳಿದ ಆ ಅಪ್ಪ ಇನ್ನೂ ಹತ್ತು ವರ್ಷ ಬದುಕಿದ್ದರಾ? ಈಗಲಾದರೂ ಹೇಳಿ. ಹೇಳದಿದ್ದರೆ ನಾನೇ ತಿಮ್ಮನಪಾಳ್ಯಕ್ಕೆ ಬಂದು ಮನೆ ಮನೆ ಬಾಗಿಲಲ್ಲಿ ನಿಂತು ಕೇಳ್ತೀನಿ.

ಗಂಗಲಕ್ಷ್ಮಿ


ತಿಮ್ಮನಪಾಳ್ಯ
3-4-1987

ಗಂಗೂ,

ಟೀಚರಮ್ಮನಿಗೆ ಹೇಳಿದ್ದೀನಿ, ನಾನು ಆಡ್ದಂಗೇ ಬರಿ, ತಿದ್ದಬ್ಯಾಡ ಅಂತ. ಚೆಲುವ ಕೆಲಸಕ್ಕೆ ಹೋಗವ್ನೆ.

ಕೆಂಚಯ್ಯ ಹೇಳಿದ್ದು ನಿಜ. ಅಪ್ಪ ಕೆರೇಲಿ ಹೋಗಲಿಲ್ಲ.

ನಂಗೆ ಹನ್ನೆರಡು ವರ್ಸ ಇದ್ದಾಗ ಅಪ್ಪನಿಗೆ ಸುರುವಾಯ್ತು. ಮೊದಲು ನೇಗಿಲ ಸಾಲು ಸೊಟ್ಟ ಹೋಗೋದು. ಆಮೇಲೆ ಕೈಲಿ ಚೊಂಬು ನಿಲ್ತಿರಲಿಲ್ಲ. ನಮ್ಮ ಅಜ್ಜಿ ನೋಡಿ ಅಳೋಕೆ ಸುರು ಮಾಡ್ತು. ತಾತನೂ ಇಂಗೇ ಆಗಿ ಹೋದದ್ದಂತೆ. ಅದಕ್ಕೊಂದು ಹೆಸರಿರಲಿಲ್ಲ. ಊರಲ್ಲಿ ಹಳಬರು 'ಆ ಮನೆ ಕಾಯಿಲೆ' ಅಂತಿದ್ರು.

ಅಮ್ಮನಿಗೆ ದಿಗಿಲಾಯ್ತು. ಈ ಮನೆಗೆ ಹೆಣ್ಣು ಕೊಡೋರು ಯಾರು, ಈ ಮನೆ ಹೆಣ್ಣು ತಕ್ಕೊಳ್ಳೋರು ಯಾರು ಅಂತ. ಅಪ್ಪನ್ನ ಹೊಲದ ಮನೆ ಕೊಟ್ಟಿಗೆಗೆ ಸಾಗಿಸಿದ್ವಿ. ವೆಂಕಟ ದಿನಾ ಅಪ್ಪನ್ನ ಕೇಳೋನು. ಅವ್ನನ್ನ ಮಾವನ ಮನೆಗೆ ಕಳಿಸಿ ಅಪ್ಪ ಕೆರೇಲಿ ಹೋದ್ರು ಅಂದ್ವಿ. ಊರಿಗೂ ಅದನ್ನೇ ಅಂದ್ವಿ. ಗೊತ್ತಿದ್ದೋರು ಸುಮ್ಕಿದ್ರು.

ಹತ್ತು ವರ್ಸ ನಾನೇ ನೋಡ್ಕೊಂಡೆ. ಮಲಗಿದ್ದಲ್ಲೂ ಕೈಕಾಲು ಬಡ್ಕೊಳ್ಳೋರು, ಗೋಡೆಗೆ ಹೊಡೆದು ಚರ್ಮ ಕಿತ್ತು ಬರೋದು. ಸುತ್ತ ಹುಲ್ಲು ಹಾಸ್ತಿದ್ವಿ. ಎದ್ದು ಬೀಳ್ತಾರೆ ಅಂತ ಸೊಂಟಕ್ಕೆ ಹಗ್ಗ ಕಟ್ಟಿದ್ವಿ. ಕಟ್ಟಿದೋಳು ನಾನೇ, ಅಮ್ಮ ಅಲ್ಲ. ಎಷ್ಟು ಉಣ್ಣಿಸಿದ್ರೂ ಮೈಗೆ ಹತ್ತಲಿಲ್ಲ, ಮೂಳೆ ಮೂಳೆ ಆದ್ರು. ಕೊನೆಕೊನೆಗೆ ಮಾತು ತಿಳೀತಿರಲಿಲ್ಲ. ಒಂದು ಹೆಸರು ಮಾತ್ರ ತಿಳಿಯೋದು. ವೆಂಕಟ ವೆಂಕಟ ಅನ್ನೋರು. ಒಂದು ದಿನ ನಾನು ಗಂಜಿ ಕುಡಿಸ್ತಿದ್ದೆ, ಅವಸರ ಮಾಡ್ದೆ, ಬೇರೆ ಕೆಲಸ ಇತ್ತು. ನೆತ್ತಿ ಹತ್ತಿ ನನ್ನ ಕೈಯಾಗೇ ಹೋದ್ರು.

ಆರು ವರ್ಸ ಕಳದ ಮ್ಯಾಲೆ ನಿಮ್ಮಪ್ಪ ಸಂಬಂಧಕ್ಕೆ ಬಂದ್ರು. ಮನೇಲಿ ಏನಾರ ಸೀಕು ಐತಾ ಅಂತ ಕೇಳಿದ್ರು. ಏನೂ ಇಲ್ಲ ಅಂತ ಹೇಳ್ದೋಳೂ ನಾನೇ.

ಪಂಕಜನ್ನ ಬ್ಯಾಡ ಅಂದಿದ್ದು ಕುಡುಕನ ಮಗಳು ಅಂತ ಅಲ್ಲ ಕಣವ್ವಾ. ನನ್ನ ಕಣ್ಣು ಮಂಜಾಗಿಲ್ಲ. ಎರಡು ವರ್ಸ ಆಯ್ತು, ಕೈ ಪೆನ್ನು ಹಿಡಿಯಾಕಿಲ್ಲ. ಹೆಗಲು ಎಗರ್ತದೆ. ಚೆಲುವನಿಗೆ ನರದ ನಿಶ್ಶಕ್ತಿ ಅಂದಿದ್ದೀನಿ. ಇಬ್ಬರನ್ನೂ ಕೂಡಿಸಿದ್ರೆ ಹುಟ್ಟೋ ಮಕ್ಕಳಿಗೆ ಎರಡೂ ಕಡೆಯಿಂದ ಬತ್ತಿತ್ತು. ಅದೊಂದು ಪಾಪ ಬ್ಯಾಡ ಅನ್ನಿಸ್ತು.

ವೆಂಕಟನಿಗೆ ನೀರು ನೀರಾದ್ದು ಕೊಡಬ್ಯಾಡ, ಅಂಬಲಿ ಮಂದ ಮಾಡು. ನೆಟ್ಟಗೆ ಕೂರಿಸಿ, ಗದ್ದ ಎದೆ ಕಡೆ ಬಗ್ಗಿಸಿ ಕುಡಿಸು. ಒಂದು ತುತ್ತು ಇಳಿದಿದ್ದು ನೋಡಿ ಇನ್ನೊಂದು. ಎರಡು ಸಲಕ್ಕೆ ಬದಲು ಆರು ಸಲ ಉಣ್ಣಿಸು. ಅವಸರ ಮಾತ್ರ ಮಾಡಬ್ಯಾಡ.

ನನ್ನ ಹೆಬ್ಬೆಟ್ಟು ಕೆಳಗೈತೆ, ಡಾಕ್ಟರಿಗೆ ತೋರಿಸು. ಚೆಲುವನ ಮದುವೆ ಮುಗಿಯೋಗಂಟ ಯಾರಿಗೂ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ.

ದೊಡ್ಡಲಕ್ಷ್ಮಮ್ಮ


ದೊಡ್ಡಮಳೂರು
14-4-1987

ಅತ್ತಿಗೆ,

ನಿಮ್ಮ ಕಾಗದ ಡಾಕ್ಟರಿಗೆ ಓದಿ ಹೇಳಿದೆ. ಹಂಟಿಂಗ್ಟನ್ ಅಂತ ಹೆಸರು ಬರೆದುಕೊಟ್ಟರು. ಮಿದುಳೇ ಸವೆಯೋ ಕಾಯಿಲೆ. ಮೈ ಆಡೋದು ಕಡಿಮೆ ಮಾಡೋಕೆ ಮಾತ್ರೆ ಇದೆ, ವಾಸಿ ಮಾಡೋಕೆ ಇಲ್ಲ. ಹೀಗೇ ಹದಿನೈದು ವರ್ಷ ನಡೆಯಬಹುದಂತೆ. ಹುಟ್ಟಿದ ಮಕ್ಕಳಿಗೆ ಬರಲೂಬಹುದು, ಬರದೇ ಇರಲೂಬಹುದು, ಎರಡೂ ಸಮಸಮ. ಯಾರಿಗೆ ಅಂತ ಮೊದಲೇ ಹೇಳೋ ಪರೀಕ್ಷೆ ಸದ್ಯಕ್ಕೆ ನಮ್ಮಲ್ಲಿಲ್ಲ, ವಯಸ್ಸಾಗ್ತಾ ಕಾದು ನೋಡಬೇಕು ಅಂದರು. ಪಂಕಜ ಹೊರಗೆ ಬೆಂಚಿನ ಮೇಲೆ ಅಪ್ಪನ ಕೈ ಹಿಡ್ಕೊಂಡು ಕೂತಿದ್ದಳು. ನಾನು ಬಾಗಿಲು ಹಾಕಿಸಿದೆ.

ಆಫೀಸಿನವರು ಕುಡಿದಿದ್ದ ಅನ್ನೋ ಮಾತು ತೆಗೆದಿದ್ದಾರೆ. ಆ ಕಾಗದ ಹಿಡ್ಕೊಂಡು ಸಿದ್ದಯ್ಯನವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕೂರಿಸಿ ನೀರು ಕೊಟ್ಟರು. ಮೊದಲೇ ಗೊತ್ತಿದ್ದರೆ ಕಂಬದ ಬುಡದಲ್ಲಿ ಇವರನ್ನು ನಿಲ್ಲಿಸ್ತಿರಲಿಲ್ಲ ಅಲ್ವಾ ಅಂದರು. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯಾ?

ಮಾವನವರ ವಿಷಯ ಇವರಿಗೆ ಹೇಳಿದೆ. ಹೇಳಬಾರದು ಅಂತಿದ್ದೆ, ಆಗಲಿಲ್ಲ. ಎಲ್ಲ ಕೇಳಿ, ನನ್ನ ಕಡೆ ನೋಡಿ, "ನನ್ನ ಕೇಳ್ತಿದ್ರಾ?" ಅಂದರು. ಕೊನೆಯವರೆಗೂ ನಿಮ್ಮ ಹೆಸರೇ ಹೇಳ್ತಿದ್ದರಂತೆ ಅಂದೆ. ಗೋಡೆ ಕಡೆ ತಿರುಗಿ ಮಲಗಿದರು. ಹೆಗಲು ಎಗರ್ತಾ ಇತ್ತು. ಅಳ್ತಿದ್ದಾರೋ ಕಾಯಿಲೆಯೋ ನನಗೆ ಗೊತ್ತಾಗಲಿಲ್ಲ.

ನೀವು ಹನ್ನೆರಡು ವರ್ಷದ ಹುಡುಗಿ, ನಿಮ್ಮ ಮೇಲೆ ಅಷ್ಟು ಹೊರಿಸಿದರು ಅಂತ ನನಗೂ ಸಂಕಟ ಆಗುತ್ತೆ. ಆದರೆ ನಮ್ಮಪ್ಪ ಕೇಳಿದಾಗ ನೀವು ಹುಡುಗಿಯಲ್ಲ. ಹೇಳಿದ್ದರೆ ನಾನು ಈ ಮನೆಗೆ ಬರ್ತಿರಲಿಲ್ಲವೇನೋ. ಪಂಕಜ ಹುಟ್ಟುತ್ತಲೇ ಇರಲಿಲ್ಲ ಅಂತ ಯೋಚಿಸಿದರೂ ಸಂಕಟ, ಹುಟ್ಟಿದ್ದಾಳಲ್ಲ ಅಂತ ಯೋಚಿಸಿದರೂ ಸಂಕಟ. ಆಗ ಏನು ಮಾಡ್ತಿದ್ದೆನೋ, ಅದನ್ನು ನಾನು ತೀರ್ಮಾನ ಮಾಡಬೇಕಿತ್ತು. ನೀವು ಮಾಡಿಬಿಟ್ಟಿರಿ.

ಈಗ ಮಾದೇವಿಗೂ ಅದನ್ನೇ ಮಾಡ್ತಿದ್ದೀರಿ.

ನಾನು ಸುಮ್ಮನಿರಲ್ಲ. ಈ ತಿಂಗಳು ಇಪ್ಪತ್ತರೊಳಗೆ ನೀವೇ ಆ ಹುಡುಗಿಗೆ ಹೇಳಿ. ಇಲ್ಲದಿದ್ದರೆ ಇಪ್ಪತ್ತೊಂದಕ್ಕೆ ನಾನು ಕನಕಪುರದ ಬಸ್ಸು ಹತ್ತುತ್ತೀನಿ.

ಗಂಗಲಕ್ಷ್ಮಿ


ತಿಮ್ಮನಪಾಳ್ಯ
2-5-1987

ಗಂಗಲಕ್ಷ್ಮಮ್ಮನವರಿಗೆ ಬದ್ರುನ್ನೀಸಾ ಮಾಡುವ ವಂದನೆಗಳು.

ದೊಡ್ಡಲಕ್ಷ್ಮಮ್ಮನವರಿಗೆ ತಿಳಿಸದೆ ಈ ಪತ್ರ ಬರೆಯುತ್ತಿದ್ದೇನೆ. ಇಷ್ಟು ದಿನ ಅವರ ಮಾತು ಬರೆದವಳು ನಾನೇ ಆದ್ದರಿಂದ ನಡೆದದ್ದನ್ನು ನಿಮಗೆ ತಿಳಿಸುವುದು ನನ್ನ ಕರ್ತವ್ಯ ಎನಿಸಿತು.

ನಿಮ್ಮ ಪತ್ರ ಓದಿ ಹೇಳಿದ ದಿನ ಅವರು ಊಟ ಮಾಡಲಿಲ್ಲ. ಹತ್ತೊಂಬತ್ತರಂದು ಬೆಳಿಗ್ಗೆ ಬಂದು "ಟೀಚರಮ್ಮ, ಜೊತೆಗೆ ಬತ್ತೀಯಾ" ಎಂದು ಕರೆದರು. ಮಾಗಡಿಯಿಂದ ರಾಮನಗರ, ಅಲ್ಲಿಂದ ಕನಕಪುರ. ಬಸ್ಸಿನಲ್ಲಿ ಅವರ ಕೈ ಪಕ್ಕದವರಿಗೆ ತಾಗುತ್ತಿತ್ತು, ಒಬ್ಬ ಹೆಂಗಸು ಸಿಡುಕಿ ಎದ್ದುಹೋದಳು. ಮುನಿಶಾಮಯ್ಯನವರ ಮನೆಯಲ್ಲಿ ಬೀಗಿತ್ತಿ ಬಂದರೆಂದು ಸಡಗರ ಮಾಡಿದರು. ಇವರು ಹುಡುಗಿಯನ್ನು ಒಬ್ಬಳನ್ನೇ ಹಿತ್ತಲಿಗೆ ಕರೆದರು. ನಾನು ಸ್ವಲ್ಪ ದೂರದಲ್ಲಿದ್ದೆ. ಎಲ್ಲವನ್ನೂ ಹೇಳಿದರು, ಹಗ್ಗದ ವಿಷಯವನ್ನೂ. ಕೊನೆಗೆ ಹುಡುಗಿ, "ಅವ್ರಿಗೆ ಗೊತ್ತಾ?" ಎಂದು ಕೇಳಿದಳು. ಚೆಲುವರಾಜುವಿಗೆ ಇನ್ನೂ ಹೇಳಿಲ್ಲ ಎಂದರು. "ನಂಗೆ ಮೊದ್ಲು ಹೇಳಿದ್ರಲ್ಲ" ಎಂದಳು. ಅದು ಕೃತಜ್ಞತೆಯೋ ದೂರೋ ನನಗೆ ಈವರೆಗೂ ಅರ್ಥವಾಗಿಲ್ಲ.

ಮರುದಿನ ಮುನಿಶಾಮಯ್ಯನವರು ಮಾಗಡಿಯ ಸೊಸೈಟಿಗೇ ಹೋಗಿ, ಎಲ್ಲರ ಎದುರು ಚೆಲುವರಾಜುವಿನ ಮೇಜಿನ ಮೇಲೆ ವೀಳ್ಯದೆಲೆ ಇಟ್ಟು, ಮದುವೆ ಬೇಡವೆಂದು ಕಾರಣ ಹೇಳಿದರು. ಅವನಿಗೆ ತಿಳಿದದ್ದು ಹಾಗೆ.

ಮನೆಗೆ ಬಂದು ತಾಯಿಯನ್ನು ಒಂದೇ ಮಾತು ಕೇಳಿದ: "ನಂಗೆ ಯಾವತ್ತು ಹೇಳ್ಬೇಕು ಅಂತಿದ್ದೆ?" ಅವನು ತಾತನನ್ನು ಇಟ್ಟಿದ್ದ ಕೊಟ್ಟಿಗೆ ಎಲ್ಲಿತ್ತೆಂದು ನನ್ನನ್ನು ಕೇಳಿ ಹೊಲದ ಕಡೆ ಹೋದ. ಅಲ್ಲಿಂದ ಹಿಂತಿರುಗಿಲ್ಲ. ಇಂದಿಗೆ ಹನ್ನೆರಡು ದಿನ.

ದೊಡ್ಡಲಕ್ಷ್ಮಮ್ಮ ಈಗ ಎದ್ದರೆ ಬೀಳುತ್ತಾರೆ. ನಾನು ಸಂತೆಯಿಂದ ಬರುವವರೆಗೆ ಬಿದ್ದಲ್ಲೇ ಇದ್ದ ದಿನವೂ ಉಂಟು. ತುತ್ತು ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಾರೆ. ಹುಡುಗ ನಿಮ್ಮ ಕಡೆ ಬಂದಿದ್ದರೆ ದಯವಿಟ್ಟು ಒಂದು ಕಾರ್ಡು ಹಾಕಿ.

ಇತಿ ತಮ್ಮ ವಿಶ್ವಾಸಿ,
ಬದ್ರುನ್ನೀಸಾ


ದೊಡ್ಡಮಳೂರು
17-5-1987

ಅತ್ತಿಗೆ,

ಚೆಲುವರಾಜು ಇಲ್ಲಿದ್ದಾನೆ. ಅವತ್ತೇ ಕಾರ್ಡು ಹಾಕಿದ್ದೆ, ತಲುಪಿರಬೇಕು. ಉಳಿದದ್ದನ್ನು ಟೀಚರಮ್ಮ ನಿಮಗೆ ನಿಧಾನವಾಗಿ ಓದಿ ಹೇಳಲಿ.

ಅವನು ಬಂದದ್ದು ಹತ್ತನೇ ತಾರೀಕು, ಬೆಳಿಗ್ಗೆ. ಇಷ್ಟು ದಿನ ಬಿಡದಿಯಲ್ಲಿ ಯಾರೋ ಸ್ನೇಹಿತನ ರೂಮಿನಲ್ಲಿದ್ದನಂತೆ. ಬಂದವನು ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು ಮಾವನನ್ನೇ ನೋಡ್ತಿದ್ದ. ಆಗ ತಾನೇ ಇವರಿಗೆ ಸ್ನಾನ ಮಾಡಿಸಿ ಚಾಪೆ ಮೇಲೆ ಕೂರಿಸಿದ್ದೆ, ಮೈಯೆಲ್ಲ ಆಡ್ತಾ ಇತ್ತು. ಪಂಕಜ ಹೋಗಿ ಕಾಲಿಗೆ ನೀರು ಕೊಟ್ಟಳು.

ಮೂರು ದಿನ ಬರೀ ನೋಡೋದು. ಇವರು ಹೇಗೆ ಎದ್ದರು, ಹೇಗೆ ಬಿದ್ದರು, ಹೇಗೆ ನುಂಗಿದರು. ಅವನು ನೋಡ್ತಿರೋದು ಮಾವನನ್ನಲ್ಲ ಅಂತ ನನಗೆ ಗೊತ್ತಿತ್ತು. ಏನು ಹೇಳಲಿ ಅವನಿಗೆ? ನಾಲ್ಕನೇ ದಿನ ಅಂಬಲಿ ಬಟ್ಟಲು ನನ್ನ ಕೈಯಿಂದ ತಗೊಂಡ. "ನಾನು ಕುಡಿಸ್ಲಾ ಅತ್ತೆ? ಹೆಂಗೆ ಅಂತ ಹೇಳಿ" ಅಂದ. ನಿಮ್ಮ ಕಾಗದ ತೆಗೆದು ಆ ನಾಲ್ಕು ಸಾಲು ಓದಿದೆ. ಗದ್ದ ಬಗ್ಗಿಸಿ, ಒಂದು ತುತ್ತು ಇಳಿದದ್ದು ನೋಡಿ ಇನ್ನೊಂದು ಕೊಟ್ಟ. ಮುಕ್ಕಾಲು ಗಂಟೆ ಹಿಡೀತು. ಒಂದು ಸಲವೂ ನೆತ್ತಿ ಹತ್ತಲಿಲ್ಲ. ಇವರು ಅವನ ಕೆನ್ನೆ ಮುಟ್ಟೋಕೆ ಹೋದರು, ಕೈ ತಪ್ಪಿ ಕಿವಿಗೆ ಬಡಿಯಿತು. ಅವನು ಆ ಕೈ ಹಿಡಿದು ಕೆನ್ನೆಗೆ ಇಟ್ಟುಕೊಂಡ.

ಗುರುವಾರ ಬೆಳಿಗ್ಗೆಯ ಬಸ್ಸಿಗೆ ಅವನು ನಿಮ್ಮನ್ನು ಕರ್ಕೊಂಡು ಬರೋಕೆ ಬರ್ತಾನೆ. ಹೋಗು ಅಂತ ನಾನು ಹೇಳಲಿಲ್ಲ, ಅವನೇ ಹೊರಟಿದ್ದಾನೆ. ದಾರಿಯಲ್ಲಿ ಮಾತಾಡದೇ ಇರಬಹುದು. ನೀವು ಬಲವಂತ ಮಾಡಬೇಡಿ. ನಾನೂ ನಿಮ್ಮನ್ನು ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡಿ, ಅದು ಆಗುತ್ತೋ ಇಲ್ಲವೋ ಗೊತ್ತಿಲ್ಲ. ಆದರೂ ಬನ್ನಿ. ನಡುಮನೆಯಲ್ಲಿ ಎರಡು ಹಾಸಿಗೆ ಹಾಕಿದ್ದೀನಿ, ಬೀದಿಗೆ ಕಾಣೋ ಹಾಗೆ. ಇವರು ನಿಮ್ಮನ್ನು ಕೇಳ್ತಾ ಇದ್ದಾರೆ. ಟೀಚರಮ್ಮ ಕೊಟ್ಟ ತುತ್ತು ಉಂಡು, ಬಸ್ಸು ಹತ್ತುವಷ್ಟು ಶಕ್ತಿ ಮಾಡಿಕೊಳ್ಳಿ.

ಪಂಕಜನಿಗೆ ಎಲ್ಲ ಕಾಗದ ಕೊಟ್ಟೆ. ಓದಿ ಮಡಚಿಟ್ಟು, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು ಅಂತ ಎದ್ದು ಹೋದಳು.

ಚೆಲುವರಾಜು ಬೆಳಿಗ್ಗೆ ಎದ್ದ ಕೂಡಲೇ ಜಗಲಿ ಮೇಲೆ ಕೂತು ಎರಡು ಕೈಯನ್ನೂ ಮುಂದಕ್ಕೆ ಚಾಚಿ, ಬೆರಳು ಬಿಡಿಸಿ, ಅವು ಆಡ್ತವಾ ಅಂತ ನೋಡ್ತಾ ನೂರು ಎಣಿಸ್ತಾನೆ. ಯಾರೂ ನೋಡ್ತಿಲ್ಲ ಅಂದುಕೊಂಡಿದ್ದ. ನಿನ್ನೆ ಪಂಕಜ ಸೊಪ್ಪಿನ ಕುಕ್ಕೆ ಕೆಳಗಿಟ್ಟು, ಅವನ ಪಕ್ಕ ಸ್ವಲ್ಪ ದೂರ ಬಿಟ್ಟು ಕೂತು, ತಾನೂ ಕೈ ಚಾಚಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವತ್ತೂ ಹಾಗೇ ಕೂತಿದ್ದರು. ನಾನು ಬಾಗಿಲ ಹಿಂದೆ ನಿಂತು ಅವರ ಜೊತೆ ಎಣಿಸಿದೆ. ನಾಲ್ಕು ಕೈ, ಇಪ್ಪತ್ತು ಬೆರಳು. ನೂರು ಆಗೋವರೆಗೂ ಅವುಗಳ ಮೇಲಿಂದ ಕಣ್ಣು ತೆಗೀಲಿಲ್ಲ.

ನಾಳೆಯೂ ಕೂರ್ತಾರೆ.

ಗಂಗಲಕ್ಷ್ಮಿ